ಕೆರೆ ಏರಿ ಕೆಳಗಿನ ಗದ್ದೆ ಬಯಲಿಗೆ ಲೇಔಟ್ ಬರ್ತಿದೆ, ಆಕ್ಷೇಪಣೆಗೆ 15 ದಿನ ಅಂತೆ, ಏನು ಬರೀಬೇಕು?

ಏರಿ_ಕೆಳಗಿನವ:

ಎಲ್ರಿಗೂ ನಮಸ್ಕಾರ. ಹಾಸನ ಜಿಲ್ಲೆ ಕಡೆ ಒಂದು ಸಣ್ಣ ಟೌನು ನಮ್ದು, ಪುರಸಭೆ. ಊರ ಹೆಸರು ಹಾಕಲ್ಲ, ಹಾಕಿದ್ರೆ ನಾಳೆ ಬೆಳಗ್ಗೆ ಟೀ ಅಂಗಡೀಲಿ ಇದನ್ನೇ ಓದ್ತಾ ಕೂತಿರ್ತಾರೆ. ವಿಷಯ ಏನಪ್ಪಾ ಅಂದ್ರೆ, ನಮ್ಮೂರ ಕೆರೆ ಏರಿ ಕೆಳಗಿನ ಗದ್ದೆ ಬಯಲಲ್ಲಿ 14 ಎಕರೆ ಯಾರೋ ಬೆಂಗಳೂರು ಪಾರ್ಟಿ ತಗೊಂಡವ್ರೆ, ಮೂರ್ನಾಕು ವರ್ಷದಿಂದ ಒಬ್ಬೊಬ್ರ ಹತ್ರ ಒಂದೊಂದು ತುಂಡು ಅಂತ ಬರೆಸ್ಕೊಂತಾ ಬಂದು ಈಗ ಎಲ್ಲಾ ಸೇರಿಸಿ ಲೇಔಟ್ ಮಾಡ್ತಾರಂತೆ. ಮೊನ್ನೆ ಪೇಪರಿನ ಒಳಪುಟದಲ್ಲಿ ಬೆಂಕಿಪೊಟ್ಟಣದಷ್ಟು ಒಂದು ಪ್ರಕಟಣೆ ಬಂದಿದೆ, ಸರ್ವೆ ನಂಬರುಗಳು ಸಾಲಾಗಿ, ಕೃಷಿ ವಲಯದಿಂದ ವಸತಿ ವಲಯಕ್ಕೆ ಭೂ ಉಪಯೋಗ ಬದಲಾವಣೆ, ಕಲಂ 14ಎ, ಆಕ್ಷೇಪಣೆ ಇದ್ರೆ 15 ದಿನದೊಳಗೆ ಲಿಖಿತವಾಗಿ ಕೊಡಿ ಅಂತ. ನನಗೂ ಕಣ್ಣಿಗೆ ಬೀಳ್ತಿರಲಿಲ್ಲ, ನಮ್ಮ ಚಿಕ್ಕಪ್ಪ ನಿಧನ ವಾರ್ತೆ ಹುಡುಕ್ತಾ ನೋಡಿದ್ದು.

ನನ್ನ ತಕರಾರು ಏನು ಅಂದ್ರೆ, ಕೆರೆ ಕೋಡಿ ಬಿದ್ರೆ ನೀರು ಹೋಗೋ ಹಳ್ಳ ಆ ಬಯಲ ಮಧ್ಯದಲ್ಲೇ ಹಾದುಹೋಗೋದು. 2022ರಲ್ಲಿ ಮಳೆ ಜಾಸ್ತಿ ಆಗಿ ಕೋಡಿ ಹರಿದಾಗ ಗದ್ದೆ ಪೂರ್ತಿ ಕೆರೆ ಥರಾನೇ ಕಾಣ್ತಿತ್ತು, ಗದ್ದೆ ಆಗಿದ್ದಕ್ಕೆ ಸರಿಹೋಯ್ತು, ಮನೆಗಳಿದ್ದಿದ್ರೆ ಏನ್ ಕಥೆ? ಇನ್ನು ನೀರು, ಈಗಲೇ ನಲ್ಲಿ ನೀರು ಮೂರು ದಿನಕ್ಕೊಂದ್ಸಲ. ಅಲ್ಲಿಗೆ ಹೋಗೋಕೆ ಇರೋದು ಒಂದು ಗಾಡಿ ದಾರಿ, ಎದುರಿಗೆ ಟ್ರಾಕ್ಟರ್ ಬಂದ್ರೆ ಸ್ಕೂಟರ್ ನಿಲ್ಲಿಸ್ಕೊಂಡು ಬದುವಿಗೆ ಹತ್ತಬೇಕು.

ವಾರ್ಡ್ ಮೆಂಬರ್ ಕೇಳಿದ್ರೆ ಅದು ನಮ್ಮ ಕೈಲಿಲ್ಲ ಯೋಜನಾ ಪ್ರಾಧಿಕಾರದ್ದು ಅಂತಾರೆ, ಪ್ರಾಧಿಕಾರದ ಆಫೀಸಲ್ಲಿ ಕೇಳಿದ್ರೆ ನಾವು ಬರೀ ಕಳಿಸ್ಕೊಡೋರು, ಡಿಸೈಡ್ ಮಾಡೋದು ಸರ್ಕಾರ ಅಂತಾರೆ. ಹಿಂಗಿರುವಾಗ ನಾನೊಬ್ಬ ಆಕ್ಷೇಪಣೆ ಬರೆದ್ರೆ ಏನಾದ್ರೂ ಉಪಯೋಗ ಇದೆಯಾ, ಬರೆಯೋದಾದ್ರೆ ಹೆಂಗೆ ಬರೀಬೇಕು, ಗೊತ್ತಿರೋರು ಹೇಳಿ. ಐದು ದಿನ ಆಗ್ಲೇ ಮುಗಿದೋಗಿದೆ.

ಪಹಣಿ_ಪುರಾಣ:

ಉಪಯೋಗ ಇದೆ ಸರ್, ಆದ್ರೆ ನೀವು ಮೇಲೆ ಬರೆದಿದ್ದನ್ನ ಹಂಗೇ ಬರೆದು ಕೊಟ್ರೆ ಇಲ್ಲ. ಊರಿಗೆ ತೊಂದರೆ ಆಗುತ್ತೆ, ಗದ್ದೆ ಹಾಳಾಗುತ್ತೆ, ದಯವಿಟ್ಟು ಬಿಡಬೇಡಿ ಅಂತ ಬರೆದ ಅರ್ಜಿಗೆ ಅವರು ಬರೆಯೋ ಷರಾ ಒಂದೇ ಸಾಲು, ಆಕ್ಷೇಪಣೆ ಪರಿಶೀಲಿಸಲಾಗಿದೆ, ಸಮಂಜಸವಾಗಿಲ್ಲ. ಮುಗೀತು. ಅವರು ಉತ್ತರ ಕೊಡಲೇಬೇಕಾದಂಥ ಪಾಯಿಂಟ್ ಹಾಕಬೇಕು.

ಮೊದಲು 14ಎ ಏನು ಅನ್ನೋದು ಕ್ಲಿಯರ್ ಆಗಲಿ. ನಿಮ್ಮೂರಿಗೆ ಮಾಸ್ಟರ್ ಪ್ಲಾನ್ ಅಂತ ಒಂದಿದೆ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಮಾಡಿದ್ದು. ಅದರ ನಕ್ಷೇಲಿ ಹಳದಿ ಇದ್ರೆ ವಸತಿ, ಹಸಿರು ಇದ್ರೆ ಕೃಷಿ. ನಿಮ್ಮ ಬಯಲು ಹಸಿರಲ್ಲಿದೆ, ಅದಕ್ಕೇ ಅವರು 14ಎ ಕೆಳಗೆ ಬಂದಿರೋದು. ಹಳದಿಯಲ್ಲೇ ಇದ್ದಿದ್ರೆ ಈ ಪ್ರಕಟಣೆಯೂ ಬರ್ತಿರಲಿಲ್ಲ, ಪ್ಲಾನ್ ಅಪ್ರೂವಲ್ ತಗೊಂಡು, ಜೆಸಿಬಿ ಇಳಿದ ಮೇಲೇ ನಿಮಗೆ ಗೊತ್ತಾಗ್ತಿದ್ದಿದ್ದು. ಹಾಗಾಗಿ ಒಂಥರಾ ನೀವು ಅದೃಷ್ಟವಂತರು. ಕಾಯ್ದೇಲೇ ಇದೆ, ಬದಲಾವಣೆ ಸಾರ್ವಜನಿಕ ಹಿತದೃಷ್ಟಿಯಿಂದ ಇರಬೇಕು, ಆ ಭಾಗದಲ್ಲಿ ಓಡಾಡೋ ಪತ್ರಿಕೇಲಿ ಪ್ರಕಟಿಸಿ ಕನಿಷ್ಠ 15 ದಿನ ಕೊಟ್ಟು ಆಕ್ಷೇಪಣೆ ಕೇಳಬೇಕು, ಸರ್ಕಾರದ ಪೂರ್ವಾನುಮತಿ ಬೇಕು. ಪ್ರಾಧಿಕಾರದೋರು ನಾವು ಬರೀ ಕಳಿಸೋರು ಅಂದಿದ್ದು ಅರ್ಧ ಸತ್ಯ. ಕಳಿಸುವಾಗ ಅವರು ಅಭಿಪ್ರಾಯ ಬರೀತಾರೆ, ಮೇಲೆ ಕೂತವರು ಮುಖ್ಯವಾಗಿ ನೋಡೋದು ಅದನ್ನೇ.

ಈಗ ಕೆಲಸ. ಕಂದಾಯ ಇಲಾಖೆ ವೆಬ್‌ಸೈಟಲ್ಲಿ ನಿಮ್ಮ ಗ್ರಾಮದ ನಕಾಶೆ ಫ್ರೀಯಾಗಿ ಸಿಗುತ್ತೆ, ಇಳಿಸ್ಕೊಳ್ಳಿ. ನೀವು ಹೇಳೋ ಹಳ್ಳ ಅದರಲ್ಲಿ ಗೆರೆಯಾಗಿ ಇದೆಯಾ ನೋಡಿ, ಇಡೀ ಕೇಸ್ ನಿಂತಿರೋದು ಇದರ ಮೇಲೆ. ಫೋನಲ್ಲಿ ದಿಶಾಂಕ್ ಆಪ್ ಹಾಕ್ಕೊಂಡು ಬಯಲಲ್ಲಿ ಹೋಗಿ ನಿಂತ್ರೆ ಯಾವ ಸರ್ವೆ ನಂಬರಲ್ಲಿ ನಿಂತಿದೀರ ಅಂತ ತೋರಿಸುತ್ತೆ, ಅದು ಕೋರ್ಟಿಗೆ ನಡೆಯಲ್ಲ ಆದ್ರೆ ನಿಮ್ಮ ತಿಳುವಳಿಕೆಗೆ ಸಾಕು. ಆಮೇಲೆ ಆ ಸರ್ವೆ ನಂಬರುಗಳ ಪಹಣಿ ತೆಗೆಸಿ, ವಿಸ್ತೀರ್ಣದ ಜಾಗದಲ್ಲೇ ಖರಾಬು ಎಷ್ಟು ಅಂತ ಇರುತ್ತೆ. ಎ ಖರಾಬು ಆದ್ರೆ ಸಾಗುವಳಿಗೆ ಬಾರದ್ದು ಅಷ್ಟೇ, ಬಿ ಖರಾಬು ಆದ್ರೆ ಹಳ್ಳ, ದಾರಿ, ಸ್ಮಶಾನ ಇಂಥದ್ದು, ಸರ್ಕಾರದ್ದು, ಹಿಡುವಳಿದಾರನಿಗೆ ಮಾರೋಕೆ ಹಕ್ಕೇ ಇಲ್ಲ. ಅನುಮಾನ ಇದ್ರೆ ತಾಲೂಕು ಸರ್ವೆ ಆಫೀಸಲ್ಲಿ ಟಿಪ್ಪಣಿ (ಹಳೇ ಅಳತೆ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ನಕಲು ಅರ್ಜಿ ಹಾಕಿ ತಗೊಳ್ಳಿ, ಹಳೇ ಟಿಪ್ಪಣಿಯಲ್ಲಿ ಹಳ್ಳ ಇದ್ದು ಹೊಸ ಸ್ಕೆಚ್ಚಲ್ಲಿ ಮಾಯ ಆಗಿರೋದು ನಾನು ಬೇಕಾದಷ್ಟು ನೋಡಿದೀನಿ.

ಇನ್ನೊಂದು, ಕೆರೆ ಗಡಿಯಿಂದ 30 ಮೀಟರ್. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೇಲಿ ಅಷ್ಟರೊಳಗೆ ಕಟ್ಟಡ ಕಟ್ಟೋ ಹಂಗಿಲ್ಲ ಅಂತ ಇತ್ತು. ಈಚೆಗೆ ಇದನ್ನ ಕೆರೆ ಸೈಜಿನ ಲೆಕ್ಕದಲ್ಲಿ ಬದಲಾಯಿಸೋ ಪ್ರಯತ್ನ ನಡೆದಿದೆ, ಹಾಗಾಗಿ ಬರೆಯೋಕೆ ಮುಂಚೆ ಈಗಿನ ನಿಯಮ ಒಬ್ಬ ವಕೀಲರ ಹತ್ರ ಕೇಳ್ಕೊಳ್ಳಿ, ತಪ್ಪು ಅಂಕಿ ಹಾಕಿದ್ರೆ ಅದೊಂದನ್ನೇ ಹಿಡ್ಕೊಂಡು ಇಡೀ ಅರ್ಜಿ ಎತ್ತಿ ಪಕ್ಕಕ್ಕಿಡ್ತಾರೆ.

ಅರ್ಜಿ ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಸಹಿ ಹಾಕಿಸ್ಕೊಂಡು ಸ್ವೀಕೃತಿ ಇಟ್ಕೊಳ್ಳಿ. ಟಪಾಲಲ್ಲಿ ಹಾಕಿ ಹೋಗಿ ಅಂದ್ರೆ ಹಾಕಬೇಡಿ. ಜೊತೆಗೆ ಸ್ಪೀಡ್ ಪೋಸ್ಟಲ್ಲೂ ಕಳಿಸಿ. ಮಾಹಿತಿ ಹಕ್ಕಲ್ಲಿ ಫೈಲ್ ಕೇಳೋಣ ಅಂತ ಕಾಯ್ತಾ ಕೂರಬೇಡಿ, ಅದಕ್ಕೆ 30 ದಿನ, ಅಷ್ಟರಲ್ಲಿ ಗಡುವು ಮುಗಿದಿರುತ್ತೆ. ಆಕ್ಷೇಪಣೆ ಮೊದಲು, ಮಾಹಿತಿ ಹಕ್ಕು ಆಮೇಲೆ. ಅಂದಹಾಗೆ ನಮ್ಮ ರಾಜ್ಯದಲ್ಲಿ ಆ ಅರ್ಜಿ ಒಂದೇ ವಿಷಯಕ್ಕಿರಬೇಕು, 150 ಪದ ಮೀರಬಾರದು, 10 ರೂಪಾಯಿ ಶುಲ್ಕ. ಪುಟಗಟ್ಲೆ ಬರೆದು ರಿಜೆಕ್ಟ್ ಮಾಡಿಸ್ಕೊಂಡೋರು ತುಂಬಾ ಜನ ಇದಾರೆ.

ಬಾಡಿಗೆಮನೆ_ರಾಜ:

ಸ್ವಲ್ಪ ಖಾರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ. ಪ್ರತಿ ಊರಲ್ಲೂ ಲೇಔಟ್ ಬೇಡ ಅನ್ನೋರು ಯಾರು ಅಂತ ನೋಡಿ, ಸ್ವಂತ ಮನೆ ಇರೋರು. ನಾನು ನಿಮ್ಮಂಥದ್ದೇ ಒಂದು ಟೌನಲ್ಲಿ ಇದೀನಿ, ತುಮಕೂರು ಜಿಲ್ಲೆ, ಮದುವೆ ಆದಾಗಿಂದ ಬಾಡಿಗೆ ಮನೆ. ಇರೋ ಹಳೇ ಬಡಾವಣೇಲಿ 30-40 ಸೈಟು 25 ಲಕ್ಷದ ಕೆಳಗೆ ಮಾತೇ ಇಲ್ಲ, ಅದೂ ಮಾರೋರು ಇದ್ರೆ. ಯಾಕೆ ಇಷ್ಟು ರೇಟು ಅಂದ್ರೆ ಹತ್ತು ಹದಿನೈದು ವರ್ಷದಿಂದ ಊರಲ್ಲಿ ಒಂದೂ ಅಪ್ರೂವ್ಡ್ ಲೇಔಟ್ ಆಗಿಲ್ಲ, ಒಂದು ಬಂತು ಅಂದ್ರೆ ಅರ್ಜಿ, ಇನ್ನೊಂದು ಬಂತು ಅಂದ್ರೆ ಸ್ಟೇ. ಸೈಟು ಕಮ್ಮಿ, ಕೇಳೋರು ಜಾಸ್ತಿ, ಇನ್ನೇನಾಗುತ್ತೆ?

ಸುಮ್ನೆ ಲೆಕ್ಕ ಹಾಕಿ. ಒಂದು ಎಕರೆ 43,560 ಚದರಡಿ, ರಸ್ತೆ ಪಾರ್ಕು ಸಿಎ (ಶಾಲೆ ಗೀಲೆ ಥರ ನಾಗರಿಕ ಸೌಲಭ್ಯಕ್ಕೆ ಬಿಡೋ ಜಾಗ) ಎಲ್ಲಾ ಕಳೆದು ಸೈಟಿಗೆ ಸಿಗೋದು ಸುಮಾರು 55 ಪರ್ಸೆಂಟು, ಅಂದ್ರೆ ಎಕರೆಗೆ ಹೆಚ್ಚುಕಮ್ಮಿ 20 ಸೈಟು 30-40ದು. ನಿಮ್ಮ 14 ಎಕರೇಲಿ 280 ಸೈಟು. 280 ಸಂಸಾರ! ಅದರಲ್ಲಿ ಅರ್ಧ ಇನ್ವೆಸ್ಟ್‌ಮೆಂಟಿಗೆ ತಗೊಂಡು ಖಾಲಿ ಬಿಟ್ರು ಅಂತಾನೇ ಇಟ್ಕೊಳ್ಳಿ, ಇನ್ನರ್ಧ ಮಂದಿ ಮೇಷ್ಟ್ರು, ಬಸ್ ಕಂಡಕ್ಟರು, ಗಾರ್ಮೆಂಟ್ಸ್‌ಗೆ ಹೋಗೋರು. ನಿಮಗೆ ಏರಿ ಮೇಲೆ ವಾಕಿಂಗ್ ಹೋದಾಗ ಹಸಿರು ಕಾಣಬೇಕು ಅಂತ ಅವರೆಲ್ಲ ಜೀವಮಾನ ಬಾಡಿಗೆ ಕಟ್ಬೇಕಾ?

ಏರಿ_ಕೆಳಗಿನವ:

ಪಹಣಿ ಸಾರ್ ತುಂಬಾ ಥ್ಯಾಂಕ್ಸ್. ನಕಾಶೆ ಇಳಿಸಿದೆ, ಹಳ್ಳ ಇದೆ! ಎರಡು ಸರ್ವೆ ನಂಬರಿನ ಮಧ್ಯ ಜೋಡಿ ಗೆರೆ ಎಳೆದು ಕೋಡಿಯಿಂದ ಶುರುವಾಗಿ ಕೆಳಗಿನ ಊರಿನವರೆಗೂ ತೋರಿಸಿದಾರೆ. ಪಹಣಿ ನಾಳೆ ತೆಗೆಸ್ತೀನಿ.

ರಾಜಣ್ಣ, ನಂಗೂ ವಾಕಿಂಗ್ ಪಾಕಿಂಗ್ ಏನಿಲ್ಲಪ್ಪ, ನಾವು ಗದ್ದೆ ಮಾಡೋ ಜನ, ಆ ಬಯಲ ಅಂಚಲ್ಲಿ ನಮ್ದೂ ಒಂದೂವರೆ ಎಕರೆ ಇದೆ. ಲೇಔಟ್ ಬೇಡ ಅಂತ ನಾನು ಹೇಳ್ತಿಲ್ಲ, ಊರ ಮೇಲ್ಗಡೆ ಬೋರೆ ಕಡೆ ಒಣಭೂಮಿ ಬೇಕಾದಷ್ಟಿದೆ, ಅಲ್ಲಿ ಮಾಡಲಿ. ನೀರು ನಿಲ್ಲೋ ಜಾಗಾನೇ ಯಾಕೆ ಬೇಕಿತ್ತು ಇವ್ರಿಗೆ?

ಬಾಡಿಗೆಮನೆ_ರಾಜ:

ಯಾಕಂದ್ರೆ ಬೋರೆಗೆ ರಸ್ತೆ ಇಲ್ಲ, ನೀರಿಲ್ಲ, ಬಸ್ ಸ್ಟಾಂಡಿಂದ ನಾಲ್ಕು ಕಿಲೋಮೀಟರು. ಬಯಲು ಊರಿಗೆ ಅಂಟ್ಕೊಂಡಿದೆ, ಸಪಾಟಾಗಿದೆ. ಬಿಸಿನೆಸ್ ಮಾಡೋನು ಇದನ್ನೇ ನೋಡೋದು ಗುರು. ಬೋರೆ ಕಡೆ ಬೆಳೀಬೇಕು ಅಂದ್ರೆ ಮೊದಲು ಪುರಸಭೆ ಅಲ್ಲಿಗೆ ರಸ್ತೆ ಪೈಪ್‌ಲೈನು ಹಾಕಬೇಕು, ಆಗ ತಂತಾನೇ ಅಲ್ಲಿಗೆ ಹೋಗ್ತಾರೆ. ಅದನ್ನ ಮಾಡಿ ಅಂತ ಯಾರಾದ್ರೂ ಅರ್ಜಿ ಕೊಟ್ಟಿದೀರಾ?

ತೋಟದಮನೆ:

ಜಮೀನು ಮಾರಿದೋರ ಕಡೆಯಿಂದ ಒಂದು ಮಾತು. ನಮ್ಮೂರಲ್ಲಿ ಇದೇ ಥರ ಆಯ್ತು, ನಾವೂ ಕೊಟ್ವಿ. ಗದ್ದೇಲಿ ಏನಿದೆ ಹೇಳಿ, ಆಳಿಗೆ ದಿನಕ್ಕೆ 500 ಕೊಟ್ರೂ ನಾಟಿಗೆ ಜನ ಬರಲ್ಲ, ಮಕ್ಕಳು ಬೆಂಗಳೂರಲ್ಲಿ, ತಂಗಿ ಭಾಗ ಕೇಳ್ತಿದ್ಲು. ಊರಿನೋರೆಲ್ಲಾ ಗದ್ದೆ ಉಳಿಸಿ ಅಂತಾರೆ, ಉಳುಮೆ ಮಾಡೋಕೆ ಒಬ್ರೂ ಬರಲ್ಲ. ಭೂ ಸುಧಾರಣಾ ಕಾಯ್ದೆ 79ಎ 79ಬಿ ಇದ್ದಾಗ ರೈತ ಅಲ್ಲದೋನಿಗೆ ಮಾರೋ ಹಂಗಿರಲಿಲ್ಲ, 2020ರಲ್ಲಿ ಅದನ್ನ ತೆಗೆದ ಮೇಲೆ ರೇಟು ಬಂತು, ಕೊಟ್ವಿ. ಅಷ್ಟೇ. ನಮ್ಮನ್ನ ಊರು ಮಾರಿದೋರು ಅಂತ ಬೈಯ್ಬೇಡಿ.

ಮಂಡಕ್ಕಿ_ಮಿರ್ಚಿ:

ನಮ್ಮ ಕಡೆದ್ದೊಂದು ಕಥಿ ಕೇಳ್ರಿ, ಉಪಯೋಗ ಆದೀತು. ಹಾವೇರಿ ಕಡೆ ನಮ್ಮೂರು. ನಾವು ಇರೂದು ಅಪ್ರೂವ್ಡ್ ಲೇಔಟಿನಾಗ ಐತ್ರಿ, ಅಪ್ರೂವ್ಡ್ ಅಂದ್ರ ಎಲ್ಲಾ ಬರೋಬ್ಬರಿ ಅಂತ ತಿಳ್ಕೊಂಡು ತಗೊಂಡಿದ್ವಿ. ಪ್ಲಾನಿನಾಗ ಚಂದಂಗ ಪಾರ್ಕ್ ತೋರ್ಸ್ಯಾರ, ಸಿಎ ಸೈಟ್ ತೋರ್ಸ್ಯಾರ, ಶಾಲಿಗೆ ಅಂತ ಬರದಾರ. ಹತ್ತು ವರ್ಷ ಆದಮ್ಯಾಲ ನೋಡಿದ್ರ ಪಾರ್ಕ್ ಅನ್ನೂ ಜಾಗಾ ಪುರಸಭಾದ ಹೆಸರಿಗೆ ಬಂದೇ ಇಲ್ಲ! ಲೇಔಟ್ ಮಾಡಿದಾವ ರಸ್ತೆ, ಪಾರ್ಕು, ಸಿಎ ಜಾಗಾ ಎಲ್ಲಾ ಊರ ಸಂಸ್ಥೆಗೆ ಪರಿತ್ಯಾಜನಾ ಪತ್ರ, ಅಂದ್ರ ಹಕ್ಕು ಬಿಟ್ಟುಕೊಡೂ ಪತ್ರ, ಬರದು ರಿಜಿಸ್ಟರ್ ಮಾಡಿಕೊಡಬೇಕ್ರಿ, ಅದನ್ನ ಮಾಡಿಸ್ಕೊಳ್ಳೂದು ಆಫೀಸಿನವರ ಕೆಲಸ. ಅವರು ಮಾಡಿಸ್ಕೊಂಡಿಲ್ಲ, ಅಂವ ಮಾಡಿಕೊಟ್ಟಿಲ್ಲ. ಉತಾರದಾಗ (ಪಹಣಿಯಾಗ) ಇನ್ನೂ ಹಳೇ ಮಾಲಕರ ಹೆಸರು, ಅವರ ಮಕ್ಕಳು ಬಂದು ಅರ್ಧ ಪಾರ್ಕ್ ಸೈಟ್ ಹೊಡದು ಮಾರಿದ್ರು. ಉಳಿದರ್ಧದಾಗ ಒಂದು ಗುಡಿ ಎದ್ದೈತಿ. ಗುಡಿಗೆ ಯಾರು ಬ್ಯಾಡ ಅಂತಾರ್ರಿ, ಬಾಯಿ ಬಿಟ್ಟವ ಊರಿಗೇ ವೈರಿ ಆಕ್ಕಾನ.

ಹಿಂಗಾಗಿ ನಿಮಗ ನನ್ನ ಸಲಹಾ ಏನಂದ್ರ, ಬ್ಯಾಡ ಬ್ಯಾಡ ಅಂತ ಅಷ್ಟ ಬರೀಬ್ಯಾಡ್ರಿ. ಒಂದು ವೇಳೆ ಕೊಡೂದ ಆದ್ರ ಈ ಷರತ್ತು ಹಾಕಿ ಕೊಡ್ರಿ ಅಂತ ಎರಡನೇ ಭಾಗ ಬರೀರಿ. ಪಾರ್ಕಿನ ಜಾಗಾ ರಿಜಿಸ್ಟರ್ ಆಗಿ ಪುರಸಭಾಕ್ಕ ಬರೂತನಕ ಒಂದು ಸೈಟೂ ಬಿಡುಗಡೆ ಮಾಡಬಾರದು, ಹಳ್ಳದ ಜಾಗಾ ಅಳದು ಕಲ್ಲು ನೆಟ್ಟು ಲೇಔಟ್ ನಕ್ಷೆಯಿಂದ ಹೊರಗ ಇಡಬೇಕು, ಪಾರ್ಕ್ ಅಂತ ಹಳ್ಳಾನ ತೋರಸ್ಬಾರದು. ಇದು ನೋಡ್ರಿ ದೊಡ್ಡ ಆಟ, ಎಲ್ಲಿ ಸೈಟ್ ಮಾಡಾಕ ಆಗೂದಿಲ್ಲೋ, ನೀರು ನಿಲ್ಲುವ ತಗ್ಗು, ಹೈಟೆನ್ಷನ್ ವೈರಿನ ಕೆಳಗ, ಅದನ್ನ ಪಾರ್ಕ್ ಅಂತ ಹಸರ ಬಣ್ಣ ಹಚ್ಚಿ ಲೆಕ್ಕ ಕೊಡ್ತಾರ.

ಪಾರ್ಕ್ ಜಾಗಾ ಉಳಿಸ್ಕೊಳ್ಳಾಕ ಕೋರ್ಟಿಗೆ ಹೋಗಬಹುದೇನು ಅಂತ ಯಾರರ ಕೇಳಿದ್ರ, ಹೌದ್ರಿ, ನಮ್ಮ ರಾಜ್ಯದ್ದ ದೊಡ್ಡ ಕೇಸ್ ಐತಿ. ಬೆಂಗಳೂರು ರಾಜಮಹಲ್ ವಿಲಾಸ ಬಡಾವಣಿ ಒಳಗ ಪಾರ್ಕಿಗೆ ಬಿಟ್ಟ ಜಾಗಾ ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ರು, ಅಲ್ಲಿ ಮಂದಿ ಕೋರ್ಟಿಗೆ ಹೋದ್ರು, ಹೈಕೋರ್ಟ್ ಅದನ್ನ ರದ್ದ ಮಾಡ್ತು, 1991ರಾಗ ಸುಪ್ರೀಂ ಕೋರ್ಟ್ ಆ ತೀರ್ಪು ಎತ್ತಿ ಹಿಡೀತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಅಂತ ಆ ಕೇಸು. ಅಲ್ಲಿ ವಾಸ ಮಾಡೂ ಮಂದಿಗೆ ಕೇಳೂ ಹಕ್ಕು ಐತಿ ಅಂತ ಕೋರ್ಟ್ ಒಪ್ಪಿದ್ದು ನಮ್ಮಂಥವರಿಗೆ ದೊಡ್ಡ ಆಧಾರ. ಆದ್ರ ಕೋರ್ಟಿಗೆ ಹೋಗೂ ತಾಕತ್ತು ಸಣ್ಣ ಊರಾಗ ಎಷ್ಟು ಮಂದಿಗೆ ಐತಿ ಹೇಳ್ರಿ, ನಮ್ಮ ಓಣ್ಯಾಗ ವಂತಿಗಿ ಎತ್ತಾಕ ಹೋದ್ರ ಬಾಗಲಾ ಹಾಕ್ಕೊಂಡ್ರು.

ಮಳೆನಾಡಮ್ಮ:

ಎಲ್ಲರೂ ಕಾಗದಪತ್ರದ ಮಾತಾಡ್ತಿದ್ದೀರಿ, ನಾನು ನೀರಿನ ಲೆಕ್ಕ ಹೇಳ್ತೇನೆ, ಅರ್ಜಿಗೂ ಬೇಕಾಗ್ತದೆ. 14 ಎಕರೆ ಅಂದ್ರೆ ಸುಮಾರು 56,600 ಚದರ ಮೀಟರ್. ಒಂದು ರಾತ್ರಿ 50 ಮಿಲಿಮೀಟರ್ ಮಳೆ ಬಂದ್ರೆ ಅಷ್ಟು ಜಾಗದ ಮೇಲೆ ಬೀಳೋ ನೀರು 28 ಲಕ್ಷ ಲೀಟರ್. ಗದ್ದೆಯಾದ್ರೆ ಬದು ಕಟ್ಟಿ ನಿಲ್ಲಿಸ್ತದೆ, ನಿಧಾನ ಇಂಗ್ತದೆ, ಉಳಿದದ್ದು ಮರುದಿನ ಹೋಗ್ತದೆ. ಅದೇ ಜಾಗಕ್ಕೆ ಟಾರು, ಕಾಂಕ್ರೀಟು, ಟೆರೇಸು ಬಂದ್ರೆ ಅದರ ಬಹುಪಾಲು ಗಂಟೆಯೊಳಗೆ ಚರಂಡಿಗೆ ಬರ್ತದೆ. ಇದರ ಮೇಲೆ ಕೋಡಿ ನೀರು ಬೇರೆ. ಲೇಔಟಿನವರು ಮಾಡೋ ಚರಂಡಿ ಎರಡಡಿ ಅಗಲದ್ದು ಮಾರಾಯ್ರೆ, ಅದರಲ್ಲಿ ಎಂತ ಹೋಗ್ತದೆ? ತೊಂದರೆ ಬರೋದು ಲೇಔಟಿನವರಿಗಿಂತ ಮೊದಲು ಅದರ ಕೆಳಗಿನ ಗದ್ದೆಯವರಿಗೆ ಮತ್ತು ಕೆಳಗಿನ ಊರಿಗೆ. ಹಾಗಾಗಿ ಆಕ್ಷೇಪಣೆಗೆ ಕೆಳಗಿನ ಊರಿನವರ ಸಹಿಯೂ ಹಾಕಿಸಿ.

ಇನ್ನು ಕುಡಿಯೋ ನೀರು. 280 ಮನೆ, ಮನೆಗೆ ನಾಲ್ಕು ಜನ ಅಂದ್ರೆ 1,120 ಮಂದಿ. ಒಳಚರಂಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಅನ್ನೋದು ಸರ್ಕಾರಿ ಮಾನದಂಡ, ಒಳಚರಂಡಿ ಇಲ್ಲದಿದ್ರೆ 70. 135ರ ಲೆಕ್ಕದಲ್ಲಿ ದಿನಕ್ಕೆ ಒಂದೂವರೆ ಲಕ್ಷ ಲೀಟರ್. ಮೂರು ದಿನಕ್ಕೊಮ್ಮೆ ನೀರು ಬಿಡೋ ಪುರಸಭೆ ಇದನ್ನ ಎಲ್ಲಿಂದ ಕೊಡ್ತದೆ ಅಂತ ಲಿಖಿತವಾಗಿ ಕೇಳಿ. ಬೋರ್‌ವೆಲ್ ಅಂತಾರೆ. ಯಾವ ಬೋರ್‌ವೆಲ್, ಎಷ್ಟು ಇಂಚು, ಬೇಸಿಗೆಯಲ್ಲಿ ಎಷ್ಟು ಅಂತ ಕೇಳಿ. ಇಂಥ ಪ್ರಶ್ನೆಗೆ ಸಮಂಜಸವಾಗಿಲ್ಲ ಅಂತ ಷರಾ ಬರೆಯೋದು ಅಷ್ಟು ಸುಲಭ ಅಲ್ಲ.

ನಮ್ಮದು ಕೊಡಗಿನ ಗಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಲ್ಲರೂ ಮಳೆಯನ್ನ ಬೈದರು. ಮಳೆ ಬಂದದ್ದು ಹೌದು, ನೀರಿನ ದಾರಿಗೆ ಮಣ್ಣು ತುಂಬಿ ಮಟ್ಟ ಮಾಡಿದ್ದನ್ನ ಹೇಳೋರು ಕಡಿಮೆ. ಹೆಚ್ಚು ಬೆಳೆಸೋದಿಲ್ಲ, ಬಯಲುಸೀಮೆಗೂ ಅದಕ್ಕೂ ವ್ಯತ್ಯಾಸ ಉಂಟು.

ಪಹಣಿ_ಪುರಾಣ:

ಅಮ್ಮ ಹೇಳಿದ ಲೆಕ್ಕ ಚೆನ್ನಾಗಿದೆ, ಹಂಗೇ ಹಾಕ್ಕೊಳ್ಳಿ. ಮಂಡಕ್ಕಿಯವರು ಹೇಳಿದ ಷರತ್ತಿನ ಭಾಗಾನೂ ಬಿಡಬೇಡಿ.

ಆದ್ರೆ ಯಾರೂ ಮಾತಾಡದೇ ಇರೋ ಒಂದು ವಿಷಯ ಹೇಳ್ತೀನಿ, ಏರಿಯವರಿಗೆ ಇಷ್ಟ ಆಗಲ್ಲ. ಈ ಅರ್ಜಿ ಗೆದ್ದು 14ಎ ರಿಜೆಕ್ಟ್ ಆಯ್ತು ಅಂತ ಇಟ್ಕೊಳ್ಳಿ. ದುಡ್ಡು ಹಾಕಿದೋನು ಸುಮ್ನಿರ್ತಾನಾ? 14 ಎಕರೆಯನ್ನ ಗುಂಟೆ ಲೆಕ್ಕದಲ್ಲಿ ಮಾರೋಕೆ ಶುರು ಮಾಡ್ತಾನೆ, ರೆವಿನ್ಯೂ ಸೈಟು. ಪ್ಲಾನಿಲ್ಲ, ಪಾರ್ಕಿಲ್ಲ, 15 ಅಡಿ ರಸ್ತೆ, ಹಳ್ಳದ ಮೇಲೇ ಸೈಟು. ಅಪ್ರೂವ್ಡ್ ಲೇಔಟಲ್ಲಿ ಪಾರ್ಕಿಗೆ ಸಾಮಾನ್ಯವಾಗಿ 10 ಪರ್ಸೆಂಟು ಸಿಎಗೆ 5 ಅಂತ ಬಿಡಲೇಬೇಕು, ಚರಂಡಿ ಲೈಟು ಮಾಡಲೇಬೇಕು, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ರಿಜಿಸ್ಟ್ರೇಷನ್ ಬೇಕು, ಗಿರಾಕಿ ಕೊಟ್ಟ ದುಡ್ಡಲ್ಲಿ 70 ಪರ್ಸೆಂಟು ಪ್ರತ್ಯೇಕ ಅಕೌಂಟಲ್ಲಿಟ್ಟು ಅದೇ ಪ್ರಾಜೆಕ್ಟಿಗೆ ಖರ್ಚು ಮಾಡಬೇಕು. ರೆವಿನ್ಯೂ ಸೈಟಿಗೆ ಇದು ಯಾವ್ದೂ ಇಲ್ಲ. ನಮ್ಮ ಸಣ್ಣ ಟೌನುಗಳು ಹಾಳಾಗಿರೋದು ಹೆಚ್ಚಾಗಿ ರೆವಿನ್ಯೂ ಸೈಟಿಂದ, ಪ್ಲಾನ್ ಮಾಡಿದ ಲೇಔಟಿಂದ ಅಲ್ಲ. ಆಮೇಲೆ ಅಲ್ಲಿ ಬಡವರು ಮನೆ ಕಟ್ಕೊಂಡ ಮೇಲೆ ಯಾರೂ ಒಡೆಯಲ್ಲ, ಒಡೀಬಾರದು ಕೂಡ. ಅಕ್ರಮ ಸಕ್ರಮ ಅಂತ 2014ರಲ್ಲಿ ನಿಯಮ ಮಾಡಿದ್ರು, 2016ರ ಡಿಸೆಂಬರಲ್ಲಿ ಹೈಕೋರ್ಟ್ ಸರಿ ಅಂತು, 2017ರ ಜನವರೀಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು. ಆಮೇಲೆ 2025ರಲ್ಲಿ ಊರುಗಳಲ್ಲೂ ಬಿ ಖಾತಾ ಕೊಡೋ ಅಭಿಯಾನ ಬಂತು. ಬಿ ಖಾತಾ ಬಂದ ತಕ್ಷಣ ಜನ ಸಕ್ರಮ ಆಯ್ತು ಅಂದ್ಕೊಂಡ್ರು, ಆಗಿಲ್ಲ, ತೆರಿಗೆ ಲೆಕ್ಕಕ್ಕೆ ಬಂತು ಅಷ್ಟೇ.

ಹಾಗಾಗಿ ನನ್ನ ಅಭಿಪ್ರಾಯ, ಹಳ್ಳ ಮತ್ತು ಅದರ ಅಕ್ಕಪಕ್ಕದ ಸರ್ವೆ ನಂಬರುಗಳನ್ನ ಪೂರ್ತಿ ಹೊರಗಿಡಿ ಅಂತ ಗಟ್ಟಿಯಾಗಿ ಹಿಡೀರಿ, ಉಳಿದ ಎತ್ತರದ ಜಾಗಕ್ಕೆ ಷರತ್ತು ಹಾಕಿ. ಇಡೀ 14 ಎಕರೆ ಬೇಡವೇ ಬೇಡ ಅಂದ್ರೆ ಕೈಗೆ ಏನೂ ಸಿಗದೆ ಹೋಗಬಹುದು.

ಏರಿ_ಕೆಳಗಿನವ:

ಸಾರ್ ಇದು ಹೆದರಿಸೋ ಮಾತಾಯ್ತಲ್ಲ. ಕಾನೂನು ಪ್ರಕಾರ ಕೊಡದಿದ್ರೆ ಕಾನೂನು ಮುರಿದು ಮಾಡ್ತಾನೆ ಅದಕ್ಕೇ ಕೊಟ್ಬಿಡಿ ಅಂದ್ರೆ, ಮತ್ತೆ ಮಾಸ್ಟರ್ ಪ್ಲಾನ್ ಯಾಕೆ ಮಾಡಿದ್ದು, ಆ ಹಸಿರು ಬಣ್ಣ ಯಾಕೆ ಹಚ್ಚಿದ್ದು? ಗದ್ದೆ ಇಟ್ಕೊಂಡಿರೋ ನಾವು ಏಳೆಂಟು ಮನೆಯವರು ಹಸಿರು ಅಂತ ನಂಬ್ಕೊಂಡೇ ಕೂತಿದೀವಿ. ಇವತ್ತು ಮೇಲ್ಗಡೆ ಲೇಔಟ್ ಆದ್ರೆ ತೂಬಿನ ಕಾಲುವೆ ನಮ್ಮವರೆಗೂ ಬರುತ್ತಾ? ನಾಳೆ ನಾವೂ ಮಾರಲೇಬೇಕಾಗುತ್ತೆ.

ಪಹಣಿ_ಪುರಾಣ:

ನೀವು ಹೇಳಿದ್ದು ನ್ಯಾಯ, ಇಲ್ಲ ಅನ್ನಲ್ಲ. ರೆವಿನ್ಯೂ ಸೈಟು ಮಾಡದ ಹಾಗೆ ತಡೆಯೋಕೆ ಈಗ ಸ್ವಲ್ಪ ದಾರಿ ಇದೆ, 2024ರ ಅಕ್ಟೋಬರಿಂದ ಇ-ಖಾತಾ ಇಲ್ಲದೆ ಸೈಟು ಮನೆ ರಿಜಿಸ್ಟ್ರೇಷನ್ ಆಗಲ್ಲ ಅಂತ ಮಾಡಿದಾರೆ. ಆದ್ರೆ ನಮ್ಮ ಜನ ಜಿಪಿಎ (ಅಧಿಕಾರ ಪತ್ರ), ಅಗ್ರಿಮೆಂಟು, ಜಂಟಿ ಪಹಣಿ ಅಂತ ಸಾವಿರ ದಾರಿ ಹುಡುಕ್ತಾರೆ. ತೂಬಿನ ಕಾಲುವೆ ಪಾಯಿಂಟ್ ಮಾತ್ರ ಬಂಗಾರ. ಇಷ್ಟೊತ್ತು ಯಾಕೆ ಹೇಳಲಿಲ್ಲ? ಅಚ್ಚುಕಟ್ಟು (ಕೆರೆ ನೀರು ಹಾಯೋ ಜಮೀನು) ಇನ್ನೂ ಚಾಲ್ತಿಯಲ್ಲಿದೆ, ಕೆಳಗೆ ಇಂತಿಷ್ಟು ಹಿಡುವಳಿದಾರರು ಇದೇ ಕಾಲುವೆ ನೀರಲ್ಲಿ ಬೆಳೆ ತೆಗೀತಿದಾರೆ ಅಂತ ಪಹಣಿ ಬೆಳೆ ಕಾಲಂ ಸಮೇತ ತೋರಿಸಿ. ನಿಮ್ಮ ಏಳೆಂಟು ಮನೆಯವರದ್ದು ಒಂದೇ ಅರ್ಜಿಗೆ ಸಹಿ ಹಾಕೋದು ಬೇಡ, ಪ್ರತಿಯೊಬ್ರೂ ತಮ್ಮ ಸರ್ವೆ ನಂಬರ್ ಹಾಕಿ ಬೇರೆ ಬೇರೆ ಅರ್ಜಿ ಕೊಡಲಿ, ಎಂಟು ಆಕ್ಷೇಪಣೆ ಆಗುತ್ತೆ. ಸಾರ್ವಜನಿಕರದ್ದು ಬೇರೆ.

ಬಾಡಿಗೆಮನೆ_ರಾಜ:

ಕಾಲುವೆ ವಿಷಯ ಗೊತ್ತಿರಲಿಲ್ಲ, ಅದಾದ್ರೆ ನಾನೂ ಒಪ್ತೀನಿ. ಆದ್ರೂ ಒಂದು ಸೇರಿಸಿ ಅರ್ಜೀಲಿ, ನಮ್ಮೂರಿಗೆ ವಸತಿ ಜಾಗ ಬೇಕು, ಬೋರೆ ಕಡೆ ಇಂತಿಂಥ ಸರ್ವೆ ನಂಬರುಗಳಲ್ಲಿ ಮುಂದಿನ ಮಾಸ್ಟರ್ ಪ್ಲಾನಲ್ಲಿ ಹಳದಿ ಮಾಡಿ ಅಂತ. ಮಾಸ್ಟರ್ ಪ್ಲಾನ್ ಪರಿಷ್ಕರಣೆ ಮಾಡುವಾಗಲೂ ಕರಡು ಹೊರಡಿಸಿ ಆಕ್ಷೇಪಣೆ ಕೇಳ್ತಾರೆ, ಒಬ್ಬ ನರಪಿಳ್ಳೆನೂ ಹೋಗಿ ನೋಡಲ್ಲ. ನಮ್ಮೂರಲ್ಲಿ ಕರಡು ನಕ್ಷೆ ಪುರಸಭೆ ಗೋಡೆಗೆ ಅಂಟಿಸಿದ್ರು, ಅದರ ಮುಂದೆ ಬೈಕ್ ನಿಲ್ಲಿಸ್ತಿದ್ರು ಎಲ್ಲಾ.

ಮಂಡಕ್ಕಿ_ಮಿರ್ಚಿ:

ರಾಜಾ ಅವರ ಮಾತು ಖರೇ ಐತಿ. ಮತ್ತ ಪುರಸಭಾದ ಸಾಮಾನ್ಯ ಸಭಾದಾಗ ಒಂದು ಠರಾವು ಮಾಡಸ್ರಿ, ಈ ಭೂ ಉಪಯೋಗ ಬದಲಾವಣಿಗೆ ನಮ್ಮ ಆಕ್ಷೇಪ ಐತಿ, ನೀರು ಕೊಡಾಕ ಆಗೂದಿಲ್ಲ ಅಂತ. ಪ್ರಾಧಿಕಾರದವರನ್ನ ಕಟ್ಟಿ ಹಾಕೂವಷ್ಟು ಬಲ ಠರಾವಿಗೆ ಇಲ್ಲ, ಆದ್ರ ಫೈಲಿನಾಗ ಹೋಗಿ ಕುಂತ್ರ ಮುಂದ ಕೋರ್ಟಿನಾಗ ಕೆಲಸಕ್ಕ ಬರ್ತೈತಿ. ನಿಮ್ಮ ಮೆಂಬರು ಕೈಲಿಲ್ಲ ಅಂದ್ರಲ್ಲ, ಇದು ಅವರ ಕೈಯಾಗ ಐತಿ ಅಂತ ಹೇಳ್ರಿ. ಓಟಿನ ಟೈಮಿನಾಗ ನೆನಪ ಇಟ್ಕೊಳ್ರಿ.

ಏರಿ_ಕೆಳಗಿನವ:

ಅಪ್‌ಡೇಟ್. ನಮ್ಮ ಮನೆಯವರದ್ದೆಲ್ಲಾ ಬೇರೆ ಬೇರೆ, ಊರಿನೋರದ್ದು ಒಂದು, ಕೆಳಗಿನ ಊರಿನೋರದ್ದು ಒಂದು ಅಂತ ಕೊಟ್ಟು ಎಲ್ಲಕ್ಕೂ ಸೀಲು ಹಾಕಿಸ್ಕೊಂಡ್ವಿ. ಅಲ್ಲಿನ ಗುಮಾಸ್ತರು ಇಷ್ಟೊಂದು ಯಾಕ್ರೀ ಒಂದು ಸಾಕಲ್ವಾ ಅಂದ್ರು, ಇಲ್ಲ ಸಾರ್ ಎಲ್ಲಾ ಬೇಕು ಅಂದೆ. ಪಹಣೀಲಿ ಬಿ ಖರಾಬು ಸಿಕ್ಕಿದೆ, ಎರಡು ಸರ್ವೆ ನಂಬರು ಸೇರಿ 22 ಗುಂಟೆ. ಪ್ರಕಟಣೇಲಿ ಆ 22 ಗುಂಟೆ ಕಳೆಯದೇ ಪೂರ್ತಿ ವಿಸ್ತೀರ್ಣ ಹಾಕಿದಾರೆ! ಅದನ್ನ ಮೊದಲನೇ ಪಾಯಿಂಟ್ ಮಾಡಿದೀವಿ. ಮೆಂಬರು ಠರಾವಿನ ಬಗ್ಗೆ ನೋಡೋಣ ಅಂದವ್ರೆ. ನೋಡೋಣ ಅಂದ್ರೆ ಏನು ಅಂತ ನಿಮಗೇ ಗೊತ್ತು.

ಒಂದು ಪ್ರಶ್ನೆ, ಇದಾದ ಮೇಲೆ ನಮ್ಮನ್ನ ಕರೆದು ವಿಚಾರಣೆ ಏನಾದ್ರೂ ಮಾಡ್ತಾರಾ ಅಥವಾ ಸೀದಾ ಕಳಿಸ್ಬಿಡ್ತಾರಾ?

ಪಹಣಿ_ಪುರಾಣ:

ಕರೀತಾರೆ ಅಂತ ಕಾಯ್ಬೇಡಿ. ವೈಯಕ್ತಿಕವಾಗಿ ಅಹವಾಲು ಹೇಳೋಕೆ ಅವಕಾಶ ಕೊಡಿ ಅಂತ ಇನ್ನೊಂದು ಒಂದು ಸಾಲಿನ ಪತ್ರ ಈಗಲೇ ಕೊಡಿ, ಸೀಲು ಹಾಕಿಸಿ. 22 ಗುಂಟೆ ವಿಷಯ ತಹಶೀಲ್ದಾರರಿಗೂ ಬೇರೆ ಅರ್ಜಿ ಕೊಡಿ, ಸರ್ಕಾರಿ ಜಾಗ ಅಳತೆ ಮಾಡಿ ಗಡಿ ಗುರುತಿಸಿ ಅಂತ, ಅದಕ್ಕೂ 14ಎಗೂ ಸಂಬಂಧ ಇಲ್ಲ, ಅದರ ಪಾಡಿಗೆ ಅದು ನಡೀಲಿ. ಇನ್ನೊಂದು ಎರಡು ಮೂರು ವಾರ ಬಿಟ್ಟು ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಲ್ಲಿ ಒಂದೇ ವಿಷಯ ಕೇಳಿ, ಸದರಿ ಪ್ರಕರಣದಲ್ಲಿ ಬಂದ ಆಕ್ಷೇಪಣೆಗಳಿಗೆ ಬರೆದಿರೋ ಅಭಿಪ್ರಾಯದ ದೃಢೀಕೃತ ಪ್ರತಿ. ಪ್ರಕಟಣೆ ಬಂದ ಪೇಪರಿನ ಆ ಪುಟ ಪೂರ್ತಿ ತೆಗೆದಿಡಿ, ತುಂಡು ಕತ್ತರಿಸಬೇಡಿ, ದಿನಾಂಕ ಕಾಣಬೇಕು.